ಚೇತಕ್ ಚೇತಕ್ ಆಗಿಯೇ ಉಳಿಯಲಿ

ಹಳೆಯ ಸ್ಕೂಟರುಗಳಿಗೆ ಈಗ ಬೆಲೆ ಬಂದಿದೆ. ಗುಜರಿ ಸೇರಬೇಕಿದ್ದ ಬಜಾಜ್ 150, ಚೇತಕ್, ಲ್ಯಾಂಬ್ರೆಟಾ, ವಿಜಯ್ ಸೂಪರ್‌ಗಳನ್ನು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ, ಸಾವಿರಾರು ರೂಪಾಯಿ ಸುರಿದು ರಿಪೇರಿ ಮಾಡಿಸುತ್ತಿದ್ದಾರೆ. ಸಂತೋಷಪಡಬೇಕಾದ ಸಂಗತಿಯೇ. ಆದರೆ ‘ಮೊದಲಿನಂತೆಯೇ ಮಾಡಿದ್ದೇವೆ’ ಎಂಬ ಮಾತಿನೊಂದಿಗೆ ಗ್ಯಾರೇಜಿನಿಂದ ಹೊರಬರುವ ಎಷ್ಟೋ ಗಾಡಿಗಳು ಮೊದಲು ಎಂದೂ ಹಾಗಿರಲಿಲ್ಲ. ಮೈಮೇಲೆ ಎರಡೆರಡು ಮಿರುಗುವ ಬಣ್ಣ, ಕಂಡಕಂಡಲ್ಲಿ ಕ್ರೋಮಿಯಂ, ಎದುರಿಗೆ ‘ವೆಸ್ಪಾ’ ಎಂಬ ಬಿಲ್ಲೆ. ಮೂಲಸ್ಥಿತಿಗೆ ತರುವುದೆಂದರೆ ಗಾಡಿ ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೆಂದು ಸಾಕ್ಷ್ಯ ಹುಡುಕಿ, ಅಷ್ಟಕ್ಕೇ ನಿಲ್ಲಿಸುವುದು. ಶೃಂಗಾರದ ಕೆಲಸವೇ ಬೇರೆ.

ಆ ಬಿಲ್ಲೆಯ ಬಗ್ಗೆ ಇಷ್ಟು ಆಕ್ಷೇಪವೇಕೆ ಎನ್ನಬಹುದು. ವೆಸ್ಪಾ ಹುಟ್ಟಿದ್ದು 1946ರಲ್ಲಿ, ಇಟಲಿಯ ಪಿಯಾಜಿಯೊ ಕಂಪನಿಯಲ್ಲಿ. ಅದನ್ನು ರೂಪಿಸಿದ ಕೊರಾದಿನೊ ದಾಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರ್. ಹಾಗಾಗಿ ವಿಮಾನದಲ್ಲಿರುವಂತೆ ಅದಕ್ಕೆ ಬೇರೆ ಚಾಸಿ ಇಲ್ಲ, ಒತ್ತಿ ಮಾಡಿದ ಉಕ್ಕಿನ ತಗಡಿನ ಮೈಯೇ ಚಾಸಿ. ಮರುವರ್ಷ ಮಿಲಾನಿನ ಇನೊಚೆಂತಿ ಕಂಪನಿ ತಂದ ಲ್ಯಾಂಬ್ರೆಟಾಕ್ಕೆ ಕೊಳವೆಯ ಚೌಕಟ್ಟು, ಮುಂದೆ ಅದರ ಮೇಲೆ ತಗಡಿನ ಹೊದಿಕೆಯೂ ಬಂತು. ಎರಡೂ ಭಾರತಕ್ಕೆ ಬಂದವು. ವೆಸ್ಪಾ ತಯಾರಿಸಲು ಪಿಯಾಜಿಯೊ ಜೊತೆ ಮಾಡಿಕೊಂಡಿದ್ದ ಒಪ್ಪಂದ 1971ರಲ್ಲಿ ಮುಗಿದಾಗ ಬಜಾಜ್ ಕೈಚೆಲ್ಲಲಿಲ್ಲ, ಕಲಿತ ವಿದ್ಯೆಯನ್ನೇ ಮುಂದುವರಿಸಿ 1972ರಲ್ಲಿ ಚೇತಕ್ ತಂದಿತು. ಅದೇ ವರ್ಷ ಸ್ಥಾಪನೆಯಾದ ಲಖನೌದ ಸರ್ಕಾರಿ ಸಂಸ್ಥೆ ಸ್ಕೂಟರ್ಸ್ ಇಂಡಿಯಾ, ಇನೊಚೆಂತಿಯ ಯಂತ್ರಗಳನ್ನೇ ಕೊಂಡುತಂದು ವಿಜಯ್ ಸೂಪರ್ ತಯಾರಿಸಿತು. ಹಣ ಕಟ್ಟಿ ವರ್ಷಗಟ್ಟಲೆ ಕಾದ ಕುಟುಂಬಗಳ ಮನೆಗೆ ಬಂದದ್ದು ಈ ಗಾಡಿಗಳು. ಚೇತಕ್‌ನ ಎದೆಗೆ ಇಟಲಿಯ ಹೆಸರು ಹಚ್ಚಿದರೆ ಈ ಚರಿತ್ರೆಯೆಲ್ಲ ಅಳಿಸಿಹೋಗುತ್ತದೆ.

ಸಾಕ್ಷ್ಯ ಸಿಗುವುದು ಗಾಡಿಯ ಒಳಗೇ. ಬಿಸಿಲೂ ಕೈಯೂ ತಾಗದ ಕಡೆ, ಅಂದರೆ ಪೆಟ್ರೋಲ್ ಟ್ಯಾಂಕಿನ ಅಡಿ, ಹೆಡ್‌ಲೈಟಿನ ಹಿಂದೆ, ಡಿಕ್ಕಿಯ ಒಳಮೈಯಲ್ಲಿ ಕಾರ್ಖಾನೆಯ ಬಣ್ಣ ಉಳಿದಿರುತ್ತದೆ. ಒಳ್ಳೆಯ ಕೆಲಸಗಾರ ಮೊದಲು ಅದನ್ನು ನೋಡಿ, ಫೋಟೊ ತೆಗೆದು, ಆಮೇಲೆ ಉಜ್ಜುಕಾಗದ ಹಿಡಿಯುತ್ತಾನೆ. ಮೈಮೇಲಿನ ಮೂಲ ಬಣ್ಣ ಮಾಸಿದ್ದರೂ ಗಟ್ಟಿಯಾಗಿದ್ದರೆ ಹೊಸದು ಬಳಿಯದಿರುವುದೇ ಉತ್ತಮ. ಅದನ್ನು ಕೆರೆದು ತೆಗೆಯುವುದು ಓಲೆಗರಿಯನ್ನು ಹೊಸ ಕಾಗದಕ್ಕೆ ನಕಲು ಮಾಡಿಕೊಂಡು ಮೂಲವನ್ನು ಒಲೆಗೆ ಹಾಕಿದಂತೆ. ನಿಜವಾದ ಪರೀಕ್ಷೆ ಕಾಲಿಡುವ ಫುಟ್‌ಬೋರ್ಡಿನಲ್ಲಿ. ಮ್ಯಾಟಿನ ಅಡಿ ನೀರು ನಿಂತು, ಬೆಸುಗೆಯ ಸಂದುಗಳಲ್ಲಿ ತುಕ್ಕು ತಿಂದಿರುತ್ತದೆ. ವೆಸ್ಪಾ, ಚೇತಕ್‌ಗಳಲ್ಲಿ ಮೈಯೇ ಚಾಸಿಯಾದ್ದರಿಂದ ಇಲ್ಲಿ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದು ಸವಾರನಿಗೆ ಮಾಡುವ ಮೋಸ. ತುಕ್ಕು ಹಿಡಿದಷ್ಟನ್ನು ಕತ್ತರಿಸಿ, ಅದೇ ದಪ್ಪದ ತಗಡು ಬೆಸೆದು, ಮೈ ಸೊಟ್ಟಗಾಗಿಲ್ಲವೆಂದು ಅಳೆದು ನೋಡಬೇಕು. ಎಂಜಿನ್‌ನಲ್ಲಿ ಸವೆದ ಸಿಲಿಂಡರನ್ನು ರೀಬೋರ್ ಮಾಡಿ ದೊಡ್ಡ ಪಿಸ್ಟನ್ ಕೂರಿಸಬಹುದು, ಬೇರಿಂಗ್, ಆಯಿಲ್ ಸೀಲ್ ಬದಲಿಸಬಹುದು. ಆದರೆ ರೋಟರಿ ವಾಲ್ವ್ ಇರುವ ಎಂಜಿನ್‌ನಲ್ಲಿ ಕ್ರ್ಯಾಂಕ್ ತಿರುಗುವಾಗ ಕೂದಲೆಳೆಯಷ್ಟು ಅಂತರ ಬಿಟ್ಟು ಮುಚ್ಚುವ ಜಾಗಕ್ಕೆ ಗೀರು ಬಿದ್ದರೆ ಎಂಜಿನ್ ಕೇಸನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಂಥ ಕಡೆ ಬಿಡಿಭಾಗ ಹುಡುಕುವ ತಾಳ್ಮೆಯೂ ಈ ಕಸುಬಿನ ಅರ್ಧ ಪಾಲು.

‘ನಮ್ಮ ದೇಶದಲ್ಲಿ ಮೆಕ್ಯಾನಿಕ್ ಸಿಕ್ಕಿದ್ದನ್ನು ಹಾಕಿ ಓಡಿಸಿದ. ಹೀಗಿರುವಾಗ ಯಾವುದು ಮೂಲ?’ ಎಂಬ ಪ್ರಶ್ನೆ ಗಟ್ಟಿಯಾದದ್ದೇ. ಅದಕ್ಕಾಗಿಯೇ ಗಾಡಿ ತಯಾರಾದ ವರ್ಷವನ್ನು ಅಳತೆಗೋಲಾಗಿ ಹಿಡಿಯಬೇಕು. ಅನಂತರದ ರಿಪೇರಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದೂ ಗಾಡಿಯ ಬಾಳಿನ ಭಾಗ, ಹಾಗೇ ಇರಲಿ. ಸುರಕ್ಷತೆಯ ಆಕ್ಷೇಪಕ್ಕೂ ನೇರ ಉತ್ತರವಿದೆ: ಟಯರು, ಬ್ರೇಕ್ ಶೂ, ಕೇಬಲ್, ವೈರಿಂಗ್ ಹೊಸದಾಗಿರಲೇಬೇಕು. 6 ವೋಲ್ಟಿನ ಮಂಕು ದೀಪದ ಬದಲು 12 ವೋಲ್ಟ್ ಹಾಕಿಕೊಂಡರೆ ಅಪಚಾರವಿಲ್ಲ, ಬೇಕೆಂದಾಗ ಬಿಚ್ಚಿ ಹಿಂದಿನದನ್ನು ಕೂರಿಸಬಹುದು. ತುಕ್ಕಿನ ರಿಪೇರಿಗಲ್ಲದೆ, ರೂಪ ಬದಲಿಸಲೆಂದು ಕತ್ತರಿಸಿ ಬೆಸೆಯುವುದನ್ನು ಮಾತ್ರ ಒಪ್ಪಲಾಗದು. ಈ ಗಾಡಿಗಳ ಟೂ ಸ್ಟ್ರೋಕ್ ಎಂಜಿನ್ ಹೊಗೆ ಕಾರುತ್ತದೆ ಎಂಬುದೂ ನಿಜ. ಗಾಳಿಯ ಲೆಕ್ಕದಲ್ಲಿ ಇಂಥ ಗಾಡಿಯನ್ನು ದಿನವೂ ಆಫೀಸಿಗೆ ಓಡಿಸುವುದನ್ನು ಸಮರ್ಥಿಸಲಾರೆ. ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ವಾಹನಕ್ಕೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಅದನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗಷ್ಟೇ ರಸ್ತೆಗಿಳಿಸಬಹುದು. ಮೂಲಸ್ಥಿತಿಗೆ ತರುವ ಖರ್ಚು ಗಾಡಿಯ ಬೆಲೆಯನ್ನು ಮೀರುವುದುಂಟು. ಲಾಭಕ್ಕಾಗಿ ಹೊರಟವರು ಈ ಕೆಲಸಕ್ಕೆ ಕೈಹಾಕದಿರುವುದು ಮೇಲು.

ಮನೆಯ ಮೂಲೆಯಲ್ಲಿ ಅಪ್ಪನದೋ ಅಜ್ಜನದೋ ಸ್ಕೂಟರ್ ನಿಂತಿದ್ದರೆ, ಪೇಂಟರನ್ನು ಕರೆಯುವ ಮೊದಲು ಆರ್‌ಸಿ ಪುಸ್ತಕ ಹುಡುಕಿ. ಚಾಸಿ, ಎಂಜಿನ್ ನಂಬರುಗಳನ್ನು ಅದರೊಂದಿಗೆ ತಾಳೆ ನೋಡಿ, ಆ ನಂಬರುಗಳ ಮೇಲೆ ಗ್ರೈಂಡರ್ ಆಡಿಸಲು ಯಾರಿಗೂ ಬಿಡಬೇಡಿ. ಬಿಚ್ಚಿದ ಹಳೆಯ ಭಾಗ ಎಷ್ಟೇ ಕೆಟ್ಟಿರಲಿ, ಕೆಲಸ ಮುಗಿಯುವ ತನಕ ಒಂದನ್ನೂ ಗುಜರಿಗೆ ಹಾಕಬೇಡಿ.