ಹಳೆಯ ಬೇಸ್ ಗಿಟಾರಿನ ಕೊರಳು

ಬೇಸ್ ಗಿಟಾರ್ ನಾಲ್ಕು ದಪ್ಪ ತಂತಿಗಳ ವಿದ್ಯುತ್ ವಾದ್ಯ. ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ಇದರ ಶ್ರುತಿ. ಎಲ್ಲಕ್ಕಿಂತ ಮಂದ್ರದ ತಂತಿ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತದೆ. ಆಳೆತ್ತರದ ಡಬಲ್ ಬೇಸನ್ನು ಊರಿಂದೂರಿಗೆ ಹೊತ್ತು ತಿರುಗುವ ಕಷ್ಟಕ್ಕೆ ಪರಿಹಾರವಾಗಿ ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಇಂಥದೊಂದನ್ನು ಮಾಡಿದ್ದರೂ ಅದು ನೆಲೆ ನಿಲ್ಲಲಿಲ್ಲ. ನೆಲೆ ನಿಂತದ್ದು 1951ರಲ್ಲಿ, ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಿಂದ ಹೊರಬಂದ ಪ್ರಿಸಿಷನ್ ಬೇಸ್. ಅದನ್ನು ರೂಪಿಸಿದ ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ರಿಪೇರಿಯ ಕಣ್ಣಿನಿಂದಲೇ ಅವರು ವಾದ್ಯವನ್ನು ನೋಡಿದರು. ಮರದ ಹಲಗೆಗೆ ಕೊರಳನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಪಿಕಪ್, ಬ್ರಿಡ್ಜ್, ಬಿರಡೆ ಎಲ್ಲವೂ ಬಿಚ್ಚಿ ಬದಲಿಸಲು ಬರುವಂಥವು. ಎಪ್ಪತ್ತು ವರ್ಷಗಳ ಮೇಲೂ ಹಳೆಯ ಬೇಸ್ ಕೊಳ್ಳುವವರಿಗೆ ಈ ಗುಣ ದೊಡ್ಡ ವರ. ಇದು ನಂಬಿ ಕೊಳ್ಳಬೇಕಾದ ವಸ್ತುವಲ್ಲ, ಬಿಚ್ಚಿ ನೋಡಿ ಕೊಳ್ಳಬಹುದಾದ ಯಂತ್ರ.

ಆದರೂ ಈ ಮಾರುಕಟ್ಟೆ ನಡೆಯುವುದು ಬಹುಪಾಲು ನಂಬಿಕೆಯ ಮೇಲೆ. ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಸಂಸ್ಥೆ 1.3 ಕೋಟಿ ಡಾಲರಿಗೆ ಕೊಂಡಿತು. ಅದಕ್ಕಿಂತ ಹಿಂದಿನ ವಾದ್ಯಗಳಿಗೆ ಒಂದು ಬೆಲೆ, ಆಮೇಲಿನವಕ್ಕೆ ಇನ್ನೊಂದು. ಮರ ಹಳತಾದಷ್ಟೂ ನಾದ ಪಕ್ವವಾಗುತ್ತದೆ, ವರ್ಷಗಟ್ಟಲೆ ನುಡಿಸಿದ ವಾದ್ಯ ಬಾಯಿ ಬಿಡುತ್ತದೆ ಎಂಬ ಮಾತು ಅಂಗಡಿಯಲ್ಲೂ ಕೇಳುತ್ತದೆ, ಕಲಾವಿದರ ಬಾಯಲ್ಲೂ ಕೇಳುತ್ತದೆ. ಈ ನಂಬಿಕೆಯನ್ನು ಅಳ್ಳಾಡಿಸಲು ಒಂದೇ ಪ್ರಶ್ನೆ ಸಾಕು: ಯಾವ ನಾದಕ್ಕೆ ಮನಸೋತು ಜನ 1962ರ ಬೇಸನ್ನು ಹುಡುಕುತ್ತಾರೋ ಆ ನಾದ ಮುದ್ರಣವಾದಾಗ ಆ ವಾದ್ಯದ ವಯಸ್ಸೆಷ್ಟಿತ್ತು? ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸ್ ನುಡಿಸುತ್ತಿದ್ದುದು ಅದೇ 1960ರ ದಶಕದಲ್ಲಿ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸ್ ಬೀಟಲ್ಸ್‌ನ ಮೊದಲ ಧ್ವನಿಮುದ್ರಿಕೆಗಳ ಹೊತ್ತಿಗೆ ಒಂದೆರಡು ವರ್ಷದ ಕೂಸು. ಅವೆಲ್ಲ ಆಗ ಹೊಸ ವಾದ್ಯಗಳೇ. ಜೇಮರ್ಸನ್ ತಂತಿಯನ್ನು ಹರಿಯುವವರೆಗೂ ಬದಲಿಸುತ್ತಿರಲಿಲ್ಲ, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಆ ನಾದದ ಗುಟ್ಟು ಮರದ ಮುಪ್ಪಿಗಿಂತ ಹೆಚ್ಚಾಗಿ ಆ ಬೆರಳಲ್ಲಿ, ಆ ಸವೆದ ಚಪ್ಪಟೆ ಸುತ್ತಿನ ತಂತಿಯಲ್ಲಿ ಇತ್ತು.

ವಯಸ್ಸು ನಿಜವಾಗಿ ಬದಲಿಸುವುದು ಕೊರಳನ್ನು. ಹೊಸಬರು ಹಳೆಯ ಬೇಸ್ ನೋಡುವಾಗ ಬಣ್ಣ, ಗೀರು, ಹೆಸರಿನ ಚೀಟಿಯನ್ನು ದಿಟ್ಟಿಸುತ್ತಾರೆ, ನೋಡಬೇಕಾದ್ದು ಕೊರಳು. ನಾಲ್ಕು ತಂತಿಗಳನ್ನೂ ಶ್ರುತಿಗೆ ಏರಿಸಿದಾಗ ಅವುಗಳ ಒಟ್ಟು ಸೆಳೆತ ಸುಮಾರು 80 ಕಿಲೋ ಭಾರ ನೇತುಹಾಕಿದಷ್ಟು. ಒಬ್ಬ ವಯಸ್ಕ ವ್ಯಕ್ತಿ ಹಗಲೂ ರಾತ್ರಿ ಜೋತುಬಿದ್ದಂತೆ, ಐವತ್ತು ಅರವತ್ತು ವರ್ಷ, ಎರಡು ಬೆರಳು ದಪ್ಪವೂ ಇಲ್ಲದ ಮೇಪಲ್ ಮರದ ಪಟ್ಟಿಯ ಮೇಲೆ. ಆ ಮರ ಬಿಲ್ಲಾಗದೆ ಉಳಿದಿರುವುದಕ್ಕೆ ಕಾರಣ ಒಳಗೆ ಹುದುಗಿರುವ ಉಕ್ಕಿನ ಸರಳು, ಟ್ರಸ್ ರಾಡ್. ತಿರುಪಿ ಹೊಂದಿಸಬಹುದಾದ ಇಂಥ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದರು. ಫೆಂಡರ್ ಕೊರಳಿನಲ್ಲಿ ಈ ಸರಳನ್ನು ನೇರವಾಗಿ ಇಡುವುದಿಲ್ಲ. ನಡುಭಾಗ ಕೊರಳಿನ ಬೆನ್ನಿನ ಕಡೆ ಇಳಿದಿರುವಂತೆ ಬಾಗಿಸಿ ಇಡುತ್ತಾರೆ. ತುದಿಯ ನಟ್ ಬಿಗಿದಾಗ ಬಾಗಿದ ಸರಳು ನೆಟ್ಟಗಾಗಲು ಹವಣಿಸಿ, ನಡುವಿನಿಂದ ಮರವನ್ನು ಮೇಲಕ್ಕೆ ಒತ್ತುತ್ತದೆ. ತಂತಿ ಒಂದು ಕಡೆಗೆ ಎಳೆದರೆ ಸರಳು ಇನ್ನೊಂದು ಕಡೆಗೆ ಒತ್ತುತ್ತದೆ, ಕೊರಳು ಆ ಹಗ್ಗಜಗ್ಗಾಟದ ನಡುವೆ ನಿಂತಿರುತ್ತದೆ. ಮೇಪಲ್ ಕೊರಳಿನ ಬೆನ್ನಿನಲ್ಲಿ ಕಾಣುವ ಕಪ್ಪು ಪಟ್ಟಿ ಅಲಂಕಾರವಲ್ಲ. ಸರಳು ಇಳಿಸಿದ ತೋಡನ್ನು ಮುಚ್ಚಿದ ಬೇರೆ ಮರದ ತುಂಡು ಅದು.

ಇಲ್ಲೇ ಅತಿ ದೊಡ್ಡ ತಪ್ಪು ತಿಳಿವಳಿಕೆಯೂ ಇದೆ. ಕೊರಳು ಗೆರೆ ಎಳೆದಷ್ಟು ನೇರವಾಗಿರಬೇಕು, ಕೊಂಚ ಬಾಗಿದರೂ ವಾದ್ಯ ಕೆಟ್ಟಿತು ಎಂದುಕೊಂಡು ಒಳ್ಳೆಯ ಬೇಸನ್ನು ಬಿಟ್ಟು ಬಂದವರಿದ್ದಾರೆ. ಮೀಟಿದ ಬೇಸ್ ತಂತಿಯನ್ನು ಪಕ್ಕದಿಂದ ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ: ಎರಡು ತುದಿಗಳಲ್ಲಿ ಅಲುಗದ ತಂತಿ ನಡುವೆ ಕದಿರಿನಂತೆ ಉಬ್ಬಿ ಮಸುಕಾಗುತ್ತದೆ. ಆ ಉಬ್ಬಿಗೆ ಜಾಗ ಬೇಕು. ಕೊರಳು ಪೂರ್ತಿ ನೇರವಾದರೆ ನಡುವಿನ ಲೋಹದ ಅಡ್ಡಪಟ್ಟಿಗಳಿಗೆ, ಅಂದರೆ ಫ್ರೆಟ್‌ಗಳಿಗೆ ತಂತಿ ತಾಗಿ ಜರ್ ಎನ್ನುತ್ತದೆ. ಆದ್ದರಿಂದ ಕೊರಳಿನಲ್ಲಿ ಒಂದಿಷ್ಟು ತಗ್ಗು ಇರಲೇಬೇಕು, ಅಳತೆಯಲ್ಲಿ ಸುಮಾರು 0.3 ಮಿಲಿಮೀಟರ್. ಪರೀಕ್ಷೆ ಸುಲಭ. ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊರಳು ಹಲಗೆಗೆ ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿದರೆ ತಂತಿಯೇ ಅಳತೆಪಟ್ಟಿಯಾಗುತ್ತದೆ. ಏಳನೆಯ ಎಂಟನೆಯ ಫ್ರೆಟ್ ಹತ್ತಿರ ತಂತಿಯಡಿ ಒಂದು ವಿಸಿಟಿಂಗ್ ಕಾರ್ಡ್ ಹಗುರವಾಗಿ ನುಸುಳಿದರೆ ಕೊರಳು ಆರೋಗ್ಯವಾಗಿದೆ. ಸಂದೇ ಇಲ್ಲದಿದ್ದರೆ ಅಥವಾ ಮೂರು ನಾಲ್ಕು ಕಾರ್ಡ್ ಹಿಡಿಸಿದರೆ ಸರಳನ್ನು ತಿರುಪಬೇಕು.

ಅದು ತಿರುಗುತ್ತದೆಯೇ ಎಂಬುದೇ ಕೊಳ್ಳುವ ಮುನ್ನ ಕೇಳಬೇಕಾದ ಮುಖ್ಯ ಪ್ರಶ್ನೆ. 1950, 60ರ ದಶಕದ ಫೆಂಡರ್‌ಗಳಲ್ಲಿ ಸರಳಿನ ನಟ್ ಇರುವುದು ಕೊರಳಿನ ಬುಡದಲ್ಲಿ, ಹಲಗೆಯ ಒಳಗೆ. ಕೊರಳಿನ ಸ್ಕ್ರೂ ಸಡಿಲಿಸದೆ ಅದು ಕೈಗೆ ಸಿಗುವುದಿಲ್ಲ. ಈ ಕಾರಣಕ್ಕೆ ದಶಕಗಟ್ಟಲೆ ಯಾರೂ ಮುಟ್ಟದೆ ತುಕ್ಕು ಹಿಡಿದ ನಟ್‌ಗಳಿವೆ, ಕೊನೆಯ ಸುತ್ತಿನವರೆಗೂ ಬಿಗಿದು ಇನ್ನು ಮುಂದೆ ಹೋಗದ ನಟ್‌ಗಳೂ ಇವೆ. ಮಾರುವವರ ಎದುರೇ ಕಾಲು ಸುತ್ತು ತಿರುಗಿಸಿ ನೋಡಲು ಒಪ್ಪದಿದ್ದರೆ ಆ ವಾದ್ಯವನ್ನು ಬಿಡುವುದೇ ಸರಿ. ತಿರುಚಿಕೊಂಡ ಕೊರಳನ್ನಂತೂ ಯಾವ ಸರಳೂ ಸರಿ ಮಾಡದು. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಾಗ ಫ್ರೆಟ್‌ಗಳು ರೈಲು ಹಳಿಯ ಸ್ಲೀಪರುಗಳಂತೆ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು.

ಫ್ರೆಟ್‌ಗಳ ಲೋಹವನ್ನು ನಿಕಲ್ ಸಿಲ್ವರ್ ಎನ್ನುತ್ತಾರೆ. ಅದರಲ್ಲಿ ಬೆಳ್ಳಿಯ ಚೂರೂ ಇಲ್ಲ, ಇರುವುದು ತಾಮ್ರ, ನಿಕಲ್, ಸತು. ಉಕ್ಕಿನ ತಂತಿ ಅದಕ್ಕಿಂತ ಗಟ್ಟಿ. ಹಾಗಾಗಿ ಹೆಚ್ಚು ನುಡಿಸಿದ ಕಡೆ ಫ್ರೆಟ್ ಮೇಲೆ ತಂತಿಯ ಗುರುತು ಹಳ್ಳವಾಗಿ ಬೀಳುತ್ತದೆ, ಉರುಟು ಸುತ್ತಿನ ತಂತಿ ಹಾಕಿದ್ದರೆ ಇನ್ನೂ ಬೇಗ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂರುವುದರಿಂದ ಕೆಲವು ವರ್ಷಕ್ಕೊಮ್ಮೆ ಮೇಳ ಕಟ್ಟಿಸುವುದು ವಾಡಿಕೆ. ಅದನ್ನು ಯಾರೂ ವೀಣೆಯ ದೋಷ ಎನ್ನುವುದಿಲ್ಲ. ಬೇಸ್‌ನ ಫ್ರೆಟ್‌ಗಳನ್ನು ಮರದ ಸೀಳಿಗೆ ಬಡಿದು ಕೂರಿಸಿರುತ್ತಾರೆ, ಕಿತ್ತು ಹೊಸದು ಹಾಕುವುದು ದುಬಾರಿ ಕೆಲಸ. ಹಳ್ಳ ಆಳವಾಗಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಫ್ರೆಟ್‌ಗಳು ಕೂತಿರುವ ಹಲಗೆಯ ಕಥೆಗೆ ಕರ್ನಾಟಕದ ಕಾಡಿನ ನಂಟಿದೆ. 1959ರಿಂದ ಫೆಂಡರ್ ಬೇಸ್‌ಗಳ ಬೆರಳಹಲಗೆಗೆ ಬ್ರೆಜಿಲ್‌ನ ರೋಸ್‌ವುಡ್ ಬಂತು. ಆ ಮರ ಸಿಗುವುದು ಕಷ್ಟವಾದಂತೆ ಗಿಟಾರ್ ತಯಾರಕರು ಭಾರತದ ರೋಸ್‌ವುಡ್ ಕಡೆ ತಿರುಗಿದರು. ಅದೇ ನಮ್ಮ ಪಶ್ಚಿಮ ಘಟ್ಟದ ಬೀಟೆ, ಮೈಸೂರಿನ ಇನ್‌ಲೇ ಕುಸುರಿ ಕೆಲಸದ ಮರ. ಬ್ರೆಜಿಲ್ ಮರದ ವಾದ್ಯಕ್ಕೆ ಇಂದಿಗೂ ಹೆಚ್ಚು ಬೆಲೆ, ಅದರ ನಾದವೇ ಬೇರೆ ಎಂಬ ಹೇಳಿಕೆ ಜೊತೆಗೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯಬೇಕಾದ್ದು. ಹಿಂಬದಿ ಮತ್ತು ಪಕ್ಕದ ಮರ ಬಿಟ್ಟು ಉಳಿದೆಲ್ಲ ಒಂದೇ ಆಗಿದ್ದ ಆರು ಅಕೂಸ್ಟಿಕ್ ಗಿಟಾರುಗಳನ್ನು 52 ಮಂದಿ ವಾದಕರ ಕೈಗೆ ಕೊಟ್ಟು, ಮರ ಕಾಣದಂತೆ ಮಂದ ಬೆಳಕಿನಲ್ಲಿ ವೆಲ್ಡಿಂಗ್ ಕನ್ನಡಕ ತೊಡಿಸಿ ನುಡಿಸಲು ಹೇಳಿದರು. ಬ್ರೆಜಿಲ್ ರೋಸ್‌ವುಡ್, ಬೀಟೆ, ಅಗ್ಗದ ಮರಗಳು, ಎಲ್ಲಕ್ಕೂ ಹತ್ತಿರ ಹತ್ತಿರ ಒಂದೇ ಅಂಕ ಬಿತ್ತು. ಟೊಳ್ಳು ಒಡಲಿನ ಅಕೂಸ್ಟಿಕ್ ಗಿಟಾರಿನಲ್ಲೇ ಹೀಗಾದರೆ, ಗಟ್ಟಿ ಹಲಗೆಯ ವಿದ್ಯುತ್ ಬೇಸ್‌ನ ತೆಳು ಬೆರಳಹಲಗೆಗೆ ಹೆಚ್ಚುವರಿ ಹಣ ಕೊಡಲು ಕಾರಣ ಸಿಗುವುದಿಲ್ಲ. ಅದರ ಮೇಲೆ ಬ್ರೆಜಿಲ್ ಮರ 1992ರಿಂದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಗಡಿ ದಾಟಿಸಿ ಮಾರುವಂತಿಲ್ಲ. ಬೀಟೆ 2017ರಲ್ಲಿ ಅದಕ್ಕಿಂತ ಸಡಿಲ ಪಟ್ಟಿಗೆ ಸೇರಿತು. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ಸುತ್ತುಗಳು ಸಾವಿರಗಟ್ಟಲೆ, ತಂತಿಯ ದಪ್ಪ 0.063 ಮಿಲಿಮೀಟರ್, ತಲೆಗೂದಲಿನಷ್ಟು. ಬೆವರಿನ ಉಪ್ಪು ಒಂದು ಕಡೆ ತಿಂದರೆ ಸಾಕು, ಇಡೀ ಸುರುಳಿ ಮೂಕವಾಗುತ್ತದೆ. ಇದನ್ನು ತಿಳಿಯಲು ಪರಿಣತರು ಬೇಕಿಲ್ಲ. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಪ್ರಿಸಿಷನ್ ಬೇಸ್ ಸುಮಾರು 10 ಕಿಲೋ ಓಮ್ ತೋರಿಸಬೇಕು. ಇನ್ನೂರು ದಾಟಿದರೆ ಸುರುಳಿ ಹರಿದಿದೆ. 1960ರಲ್ಲಿ ಬಂದ ಜಾಝ್ ಬೇಸ್‌ನಲ್ಲಿ ಎರಡು ಪಿಕಪ್. ಒಂದನ್ನು ತಗ್ಗಿಸಿದರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಕೇಳತೊಡಗುತ್ತದೆ, ಎರಡನ್ನೂ ಏರಿಸಿದರೆ ಅಡಗುತ್ತದೆ. ಇದು ಕೆಟ್ಟ ವೈರಿಂಗ್ ಅಲ್ಲ. ಎರಡೂ ಸುರುಳಿಗಳು ವಿರುದ್ಧ ದಿಕ್ಕಿಗೆ ಸುತ್ತಿದವು, ಒಂದರ ಗುಂಯ್ ಇನ್ನೊಂದರದನ್ನು ಅಳಿಸುತ್ತದೆ. ಫೋನಿನಲ್ಲಿ ಬಂದ ವಿಡಿಯೊ ಕೇಳಿ ನಾದ ತೀರ್ಮಾನಿಸುವುದು ಮಾತ್ರ ವ್ಯರ್ಥ. 41 ಹರ್ಟ್ಸ್ ಹೊರಡಿಸುವ ಶಕ್ತಿ ಫೋನಿನ ಸ್ಪೀಕರಿಗಿಲ್ಲ. ಮೇಲಿನ ಸ್ವರಾಂಶಗಳ ನಡುವಿನ 41ರ ಅಂತರವನ್ನು ಹಿಡಿದು ಮಿದುಳು ಇಲ್ಲದ ಮಂದ್ರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೇಳುಗರಿಗೆ ಕೇಳಿಸುವುದು ತಮ್ಮದೇ ತಲೆಯ ಬೇಸ್.

ವಾದ್ಯದ ಹುಟ್ಟಿದ ವರ್ಷ ತಿಳಿಯಲು ಎಲ್ಲರೂ ಮೊದಲು ನೋಡುವುದು ಬೆನ್ನಿನ ಲೋಹದ ತಗಡಿನ ಕ್ರಮಸಂಖ್ಯೆ. ಅದರ ಸಾಕ್ಷ್ಯ ಬಹಳ ದುರ್ಬಲ. ಸಂಖ್ಯೆ ಕೊರೆದ ತಗಡುಗಳು ಕಾರ್ಖಾನೆಯಲ್ಲಿ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು, ಕೈಗೆ ಸಿಕ್ಕಿದ್ದನ್ನು ಹಾಕುತ್ತಿದ್ದರು. ನಾಲ್ಕು ಸ್ಕ್ರೂ ಬಿಚ್ಚಿದರೆ ಇಂದೂ ಯಾರು ಬೇಕಾದರೂ ಬದಲಿಸಬಹುದು. ನಿಜವಾದ ಜಾತಕ ಬರೆದಿರುವುದು ವಾಲ್ಯೂಮ್ ಗುಂಡಿಯ ಅಡಿಯಲ್ಲಿ. ಗುಂಡಿ ಹೊತ್ತ ತಗಡು ಬಿಚ್ಚಿ ಮಗುಚಿದರೆ ಪೊಟೆನ್ಶಿಯೊಮೀಟರ್‌ನ ಒಡಲ ಮೇಲೆ ಸಣ್ಣ ಅಂಕಿಗಳು, ಉದಾಹರಣೆಗೆ 1376523. ಮೊದಲ ಮೂರು ತಯಾರಕರ ಗುರುತು: 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಮುಂದಿನ 65 ವರ್ಷ, ಕೊನೆಯ 23 ಆ ವರ್ಷದ ವಾರ. ಅಂದರೆ 1965ರ ಜೂನ್ ಸುಮಾರಿಗೆ ಈ ಬಿಡಿಭಾಗ ತಯಾರಾಯಿತು. ಅಮೆರಿಕದ ರೇಡಿಯೊ ಉದ್ಯಮ ತನ್ನ ಅನುಕೂಲಕ್ಕೆ ಮಾಡಿಕೊಂಡ ಈ ಸಂಕೇತ, ಯಾರೂ ಎಣಿಸದ ರೀತಿಯಲ್ಲಿ ಗಿಟಾರುಗಳ ಜನ್ಮಪತ್ರಿಕೆಯಾಗಿದೆ. ಆದರೆ ಅದು ಹೇಳುವುದು ವಾದ್ಯ ಅದಕ್ಕಿಂತ ಮೊದಲು ಹುಟ್ಟಿಲ್ಲ ಎಂಬುದನ್ನು ಮಾತ್ರ. ಫೆಂಡರ್ 1966ರಲ್ಲಿ ಪೊಟೆನ್ಶಿಯೊಮೀಟರುಗಳ ದೊಡ್ಡ ದಾಸ್ತಾನು ಕೊಂಡದ್ದರಿಂದ 1969ರ ವಾದ್ಯಗಳಲ್ಲೂ 66ರ ಅಂಕಿ ಕಾಣುತ್ತದೆ. ಕೊರಳಿನ ಬುಡದಲ್ಲಿ ಪೆನ್ಸಿಲಿನಲ್ಲೋ ಮುದ್ರೆಯಲ್ಲೋ ಇರುವ ದಿನಾಂಕದ ಜೊತೆ ಇದನ್ನು ತಾಳೆ ನೋಡಬೇಕು. 1962ರದೆಂದು ಹೇಳುವ ಬೇಸ್‌ನಲ್ಲಿ 1974ರ ಅಂಕಿ ಸಿಕ್ಕರೆ ಕನಿಷ್ಠ ಆ ಭಾಗ ಬದಲಾಗಿದೆ, ಬೆಲೆಯೂ ಇಳಿಯಬೇಕು.

ಜಪಾನಿನ ಹಳೆಯ ಬೇಸ್‌ಗಳಿಗೆ 'ಲಾಸೂಟ್' (ಮೊಕದ್ದಮೆ) ಎಂಬ ಬಿರುದು ಅಂಟಿಸಿ ಬೆಲೆ ಏರಿಸುವ ಪದ್ಧತಿಯೂ ಇದೆ. 1977ರ ಆ ಮೊಕದ್ದಮೆ ಹೂಡಿದ್ದು ಗಿಬ್ಸನ್‌ನ ಮಾತೃಸಂಸ್ಥೆ ನಾರ್ಲಿನ್, ಐಬನೀಜ್ ವಾದ್ಯ ಮಾರುತ್ತಿದ್ದ ಎಲ್ಗರ್ ಮೇಲೆ, ತಲೆಯ ಆಕಾರದ ವಿಚಾರಕ್ಕೆ. ಫೆಂಡರ್ ಮಾದರಿಯ ಬೇಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬಿರುದು ಸುಳ್ಳಾದರೂ ವಾದ್ಯಗಳು ಒಳ್ಳೆಯವು: 1982ರಿಂದ ಫೆಂಡರ್ ತನ್ನ ಸ್ಕ್ವಯರ್ ವಾದ್ಯಗಳನ್ನು ಜಪಾನಿನ ಫುಜಿಜೆನ್ ಕಾರ್ಖಾನೆಯಲ್ಲಿ ಮಾಡಿಸಿತು, ಅವು ಅಮೆರಿಕದ 60ರ ದಶಕದವುಗಳಿಗಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತವೆ.

ಸಂಗ್ರಾಹಕರ ಲೆಕ್ಕದಲ್ಲಿ ಮೂಲ ಬಣ್ಣ ತೆಗೆದು ಹೊಸದಾಗಿ ಬಳಿದ ಹಳೆಯ ಬೇಸ್‌ನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಿರಡೆ, ಬ್ರಿಡ್ಜ್ ಬದಲಾಗಿದ್ದರೆ ಇನ್ನಷ್ಟು. ಕೊರಳಿಗೆ, ಸರಳಿಗೆ, ಸುರುಳಿಗೆ ಬಣ್ಣದ ಹಂಗಿಲ್ಲ. ಬಣ್ಣ ಬದಲಾಗಿ ಬೆಲೆ ಇಳಿದ, ಆದರೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಸುಳುವ, ನಟ್ ಎರಡೂ ಕಡೆಗೆ ತಿರುಗುವ, ಮೀಟರ್ 10 ಕಿಲೋ ಓಮ್ ತೋರಿಸುವ ಪ್ರಿಸಿಷನ್ ಬೇಸ್ ಸಿಕ್ಕರೆ ಕಲಿಯುವವರು ಕೊಳ್ಳಬೇಕಾದ ಹಳೆಯ ವಾದ್ಯ ಅದೇ.