ಅಘನಾಶಿನಿ: ಅಡಿಕೆ ತೋಟದಿಂದ ಅಳಿವೆಯವರೆಗೆ

ಮಲೆನಾಡಿನ ಶಿರಸಿ. ಪೇಟೆಯ ಹತ್ತಿರದಲ್ಲೇ ಒಂದು ಪುಟ್ಟ ಹೊಂಡವಿದೆ, ಶಂಕರಹೊಂಡ. ಅಘನಾಶಿನಿಯ ಒಂದು ಕವಲು ಹುಟ್ಟುವುದು ಇಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ. ಅಡಿಕೆ ತೋಟಗಳ ನಡುವೆ ಹರಿದು, ಮುಂದೆ ಎರಡೂ ಒಂದಾಗುತ್ತವೆ.

ಆಮೇಲೆ ಘಟ್ಟದ ಅಂಚು. ಸಿದ್ದಾಪುರದ ಉಂಚಳ್ಳಿಯಲ್ಲಿ ನದಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. ಭೋರ್ಗರೆತಕ್ಕೆ ಕಿವಿ ಕೆಪ್ಪಾಗುತ್ತದೆಂದು ಊರವರು ಇದನ್ನು ಕೆಪ್ಪಜೋಗ ಅಂತಾರೆ. ಮಳೆಗಾಲದಲ್ಲಿ ಎದುರು ನಿಂತರೆ ಆ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಕೆಳಗಿನ ಕಣಿವೆಯ ದಟ್ಟ ಕಾಡು ಸಿಂಗಳೀಕಗಳ ಮನೆ.

ಅಕ್ಕಪಕ್ಕದ ಕಾಳಿ, ಶರಾವತಿ ನದಿಗಳಿಗೆ ದೊಡ್ಡ ಅಣೆಕಟ್ಟುಗಳಿವೆ. ಅಘನಾಶಿನಿಗಿಲ್ಲ. ಹಾಗಾಗಿಯೇ ಘಟ್ಟದ ಸಿಹಿನೀರು, ಗೋಡು ಮಣ್ಣು ತಡೆಯಿಲ್ಲದೆ ಕರಾವಳಿ ಸೇರುತ್ತವೆ.

ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನಲ್ಲಿ ನದಿ ಅಗಲವಾಗುತ್ತದೆ. ನನಗೆ ತುಂಬಾ ಇಷ್ಟದ ಜಾಗ ಈ ಅಳಿವೆ. ಉಬ್ಬರದಲ್ಲಿ ಕಡಲಿನ ಉಪ್ಪುನೀರು ನದಿಯೊಳಗೆ ಏರುತ್ತದೆ, ಇಳಿತದಲ್ಲಿ ಮರಳುತ್ತದೆ. ಇಲ್ಲಿನ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರನ್ನೂ ತಾಳಿಕೊಳ್ಳುವ ತಳಿ ಅದು! ನೀರಿಳಿದಾಗ ಹೆಂಗಸರು, ಗಂಡಸರು ಹೊಳೆಗಿಳಿದು ಚಿಪ್ಪುಕಲ್ಲು ಆಯುತ್ತಾರೆ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನು, ಸಿಗಡಿ ಮರಿಗಳು.

2024ರಲ್ಲಿ ಈ ಅಳಿವೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿತು.

ಒಂದು ದಡದಲ್ಲಿ ತದಡಿ ಬಂದರು, ಎದುರು ದಡದಲ್ಲಿ ನದಿಯದೇ ಹೆಸರಿನ ಊರು ಅಘನಾಶಿನಿ. ನಡುವೆ ದೋಣಿಗಳು, ಮುಂದೆ ಅರಬ್ಬೀ ಸಮುದ್ರ.