ಶಿಶುಗಳ ಅಕ್ಷರಾಭ್ಯಾಸವೂ ಗೃಹಸ್ಥರ ಹೊಣೆಯೂ

ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಓಂಕಾರ ಬರೆಯಿಸುವ ಸಂಪ್ರದಾಯವನ್ನು ನಮ್ಮ ಪಟ್ಟಣಗಳ ಗೃಹಸ್ಥರು ಇನ್ನೂ ಬಿಟ್ಟಿಲ್ಲ, ಸಂತೋಷದ ಸಂಗತಿಯೇ. ಆದರೆ ಮರುದಿನ ಅಕ್ಕಿ ಅಡಿಗೆಮನೆಗೆ ಸೇರುವುದು, ಮಗು ಶಾಲೆಗೆ ಸೇರುವುದು, ತಂದೆಯ ಹೊಣೆಯು ಶುಲ್ಕದ ರಶೀದಿಯೊಡನೆ ತೀರುವುದು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ವಿದ್ಯೆಯ ತಳಹದಿಯನ್ನು ಮೂರನೆಯ ವರ್ಷದಿಂದಲೇ ಎಣಿಸಿರುವುದು. ನಡುವಣ ಮೂರು ವರ್ಷಗಳು ಯಾರ ಪಾಲಿನವು? ಅಂಗನವಾಡಿಗಳಿರುವುದು ನಿಜ, ಆದರೂ ಅವು ಮೊಟ್ಟಮೊದಲು ಮನೆಯವರ ಪಾಲಿನವೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ದಿನಕ್ಕೆ ಕಾಲು ಗಂಟೆ ಸಾಕು. ಕನ್ನಡ ಮಾತಾಡುವ ಮನೆಗಳಲ್ಲಿ ಅದು ಕನ್ನಡದಲ್ಲಿಯೇ ನಡೆಯತಕ್ಕದ್ದು.

ಕನ್ನಡದ ಅಕ್ಷರವು ಮಗುವಿಗೆ ಮೋಸ ಮಾಡುವುದಿಲ್ಲ. 'ಮ' ಎಂಬುದರ ಹೆಸರೂ ಉಚ್ಚಾರವೂ ಒಂದೇ. ಇಂಗ್ಲಿಷಿನ 'ಎಚ್' ಎಂಬ ಹೆಸರಿನಲ್ಲಿ ಆ ಅಕ್ಷರದ ಹಕಾರವೇ ಇಲ್ಲ! ನಮ್ಮ ಲಿಪಿಯ ಕಷ್ಟವು ಬೇರೆ ಕಡೆಯಲ್ಲುಂಟು. ೩೪ ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ ಬರೆದರೆ ೫೧೦ ರೂಪಗಳಾಗುವುವು. ಒತ್ತಕ್ಷರಗಳು ಅದಕ್ಕೆ ಹೊರತು. ಇವನ್ನು ವಶಮಾಡಿಕೊಳ್ಳಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುವುದೆಂದು ಸೋನಾಲಿ ನಾಗ್ ಅವರು ಕನ್ನಡ ಓದಿನ ವಿಷಯವಾಗಿ ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಆದಕಾರಣ ನಾಲ್ಕು ವರ್ಷದ ಕೂಸಿನಿಂದ ಅಕಾರ ಮೊದಲ್ಗೊಂಡು ಳಕಾರದವರೆಗೆ ಒಪ್ಪಿಸಿ ನೆಂಟರ ಮುಂದೆ ಮೆರೆಯುವ ಆತುರ ಬೇಡ. ಮ, ರ, ಸ, ಗ ಎಂಬ ನಾಲ್ಕೇ ಅಕ್ಷರಗಳನ್ನು ಕಲಿಸಿರಿ. ಮರ, ಸರ, ರಸ, ಗರಗಸ ಇವನ್ನು ಮಗು ತಾನೇ ಕೂಡಿಸಿ ಓದಲಿ. ಓದಿದ್ದು ಏನೆಂದು ಹೇಳಲಿ. ಅಕ್ಷರವರಿಯದ ಅಜ್ಜಿಯಾದರೂ ಕಥೆ ಹೇಳಿ, ನಡುವೆ ನಿಲ್ಲಿಸಿ, 'ಆಮೇಲೇನಾಯಿತು?' ಎಂದು ಕೇಳಬಲ್ಲಳು. ಪದಸಂಪತ್ತನ್ನು ಕೊಡುವುದರಲ್ಲಿ ಆಕೆಯು ಪದವೀಧರನಾದ ತಂದೆಗಿಂತ ಮೇಲಾದ ಉಪಾಧ್ಯಾಯಿನಿ. ಇಂಗ್ಲಿಷು ತನ್ನ ಸರದಿಯಲ್ಲಿ ಬರಲಿ. ಅದಕ್ಕೆ ನಮ್ಮ ವಿರೋಧವಿಲ್ಲ.

ಲೆಕ್ಕದಲ್ಲಿಯೂ ನಮ್ಮ ಭಾಷೆಯ ಉಪಕಾರ ಸಣ್ಣದಲ್ಲ. ಇಪ್ಪತ್ತೊಂದು, ಮೂವತ್ತೆರಡು ಎನ್ನುವಾಗ ಹತ್ತುಗಳು ಮೊದಲು, ಬಿಡಿ ಆಮೇಲೆ, ಬರೆದಂತೆಯೇ ನುಡಿ. ಹಿಂದಿ ಮರಾಠಿಗಳಲ್ಲಿ ಬಿಡಿಯೇ ಮೊದಲು ಬರುವುದು; ನೂರರೊಳಗಿನ ಹೆಸರುಗಳನ್ನು ಹೆಚ್ಚುಕಡಮೆ ಒಂದೊಂದಾಗಿ ನೆನಪಿಡಬೇಕು. ಮಗ್ಗಿಯೇ ಬೇಡವೆಂಬವರ ಪಕ್ಷ ನಮ್ಮದಲ್ಲ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಕಲಿತ ಹಳೆಯ ವರ್ತಕರು ಕಾಗದ ಮುಟ್ಟದೆ ಲೆಕ್ಕ ತೀರಿಸುತ್ತಿದ್ದರು. ಆದರೆ ನೂರರವರೆಗೆ ಒಪ್ಪಿಸಿದ ಮಗುವು 'ಐದು ಲೋಟ ತಾ' ಎಂದರೆ ಬೆಪ್ಪಾಗಿ ನಿಂತರೆ ಆ ಒಪ್ಪಿಸುವಿಕೆಯಿಂದ ಬಂದ ಪ್ರಯೋಜನವೇನು? ಮಗ್ಗಿಗೆ ಮುಂಚೆ ಹುಣಿಸೆಬೀಜವಿರಲಿ, ಅಳಗುಳಿಮಣೆಯಿರಲಿ.

ಇದಕ್ಕೆ ಪ್ರಮಾಣವೂ ಉಂಟು. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬವರು ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಂದ, ೧ರಿಂದ ೧೦ರವರೆಗೆ ಅಂಕಿ ಬರೆದ ಸಾಲುಮನೆಗಳ ಆಟವನ್ನು ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು ಕಾಲು ಗಂಟೆಯಂತೆ ಆಡಿಸಿದರು. ಯಾವ ಸಂಖ್ಯೆ ದೊಡ್ಡದು, ಯಾವುದು ಚಿಕ್ಕದು ಎಂಬ ತಿಳಿವಳಿಕೆಯು ಆ ಮಕ್ಕಳಲ್ಲಿ ಹೆಚ್ಚಿತು. ಒಂಬತ್ತು ವಾರಗಳ ತರುವಾಯವೂ ಉಳಿದಿತ್ತು. ಅಂಕಿಗೆ ಬದಲು ಬಣ್ಣ ಬಳಿದ ಮನೆಗಳಲ್ಲಿ ಆಡಿದವರಿಗೆ ಆ ಲಾಭ ದೊರೆಯಲಿಲ್ಲ. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶವಿದು.

ನಮ್ಮ ಚೌಕಾಬಾರದ ಮನೆಗಳಲ್ಲಿಯೂ ಅಂಕಿಗಳಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆದುದರಿಂದ ಚಿಕ್ಕಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಹತ್ತು ಮನೆ ಬರೆದು, ಎಡದಿಂದ ಬಲಕ್ಕೆ ಅಂಕಿ ಹಾಕಿರಿ. ಒಂದೇ ಕವಡೆ ಸಾಕು. ಅಂಗಾತ ಬಿದ್ದರೆ ಒಂದು, ಬೋರಲು ಬಿದ್ದರೆ ಎರಡು. ಕಾಯಿ ನಾಲ್ಕನೆಯ ಮನೆಯಲ್ಲಿದ್ದು ಎರಡು ಬಿದ್ದಾಗ, ಮಗುವು 'ಒಂದು, ಎರಡು' ಎನ್ನದೆ 'ಐದು, ಆರು' ಎನ್ನುತ್ತ ನಡೆಸುವಂತೆ ನೋಡಿಕೊಳ್ಳತಕ್ಕದ್ದು. ಕಚೇರಿಯಿಂದ ಬಂದ ತಂದೆಯು ಕಾಫಿ ಕುಡಿದು ಮುಗಿಸುವುದರೊಳಗೆ ಎರಡು ಆಟಗಳು ಆಗುವುವು.